ದಾದೇಸಾಬನ ಇಂಗ್ಲಿಷ್ ಪಿಚ್ಚರ್

ಗಂಗಾವತಿ
೨೯ ಮೇ ೨೦೦೫, ರವಿವಾರ

ಪ್ರೀತಿಯ ಸುರೇಖಾ,

ಈ ಒಂದು ಮಾತು ಬಿಟ್ಟೇ ಪತ್ರ ಮುಗಿಸುವವಳಿದ್ದೆ. ಎರಡು ಸಲ ಹಾಗೆ ಬರೆದು ಹರಿದೆ. ಫೋನಿನಲ್ಲಿ ನೀನು, 'ವೈನಿ, ನನ್ನ ಪಿಚ್ಚರ್ ಸಿ.ಡಿ. ಅಲ್ಲೇ ಉಳಿದೈತೇನ್ರಿ?' ಎಂದು ಕೇಳಿದಾಗ ಇಲ್ಲ ಎಂದೆನಲ್ಲ, ಅದು ಸುಳ್ಳು. ನಿಮ್ಮಣ್ಣ ಕೇಳಿದಾಗ ಸುರೇಖಾನೇ ಒಯ್ದಳು ಎಂದೆ. ಅದೂ ಸುಳ್ಳು. ಸಿ.ಡಿ. ನನ್ನ ಸ್ಕೂಲ್ ಸರ್ಟಿಫಿಕೇಟುಗಳ ಫೈಲಿನಲ್ಲಿದೆ. ಅಲ್ಲಿ ಯಾರೂ ಕೈ ಹಾಕುವುದಿಲ್ಲ.

ತಡವಾಗಿ ಬರೆಯುತ್ತಿದ್ದೇನೆ, ಬೇಜಾರಾಗಬೇಡ. ಬಿತ್ತನೆ ಹತ್ತಿರ ಬಂತು, ಗೊಬ್ಬರದ ಅಂಗಡಿಯಲ್ಲಿ ನಿಮ್ಮಣ್ಣನಿಗೆ ಊಟಕ್ಕೂ ಪುರಸೊತ್ತಿಲ್ಲ. ಯಲಬುರ್ಗಾದಲ್ಲಿ ಬಿಸಿಲು ಇಳಿಯಿತೇ? ನಿನ್ನ ಕಚೇರಿಗೆ ಫ್ಯಾನ್ ಬಂತೇ? ನೀನು ತಂದ ಗುರೆಳ್ಳು ಚಟ್ನಿಪುಡಿ ಮುಗಿಯಿತು. ನಿಮ್ಮಣ್ಣ ಖಾಲಿ ಡಬ್ಬಿ ತಟ್ಟಿ ತೋರಿಸಿದರು. ಗುರೆಳ್ಳು ಪುಡಿ ನಾನೂ ಮಾಡುತ್ತೇನೆ, ಸುರೇಖಾ. ಅದರ ಡಬ್ಬಿಯನ್ನು ಅವರು ಎಂದೂ ತಟ್ಟಿಲ್ಲ.

ಬಸವ ಜಯಂತಿಯ ದಿನದ ಮಾತಿಗೆ ಬರುತ್ತೇನೆ. ನೀನು ಚಪ್ಪಲಿ ಬಿಡುವ ಮೊದಲೇ ಸಿ.ಡಿ. ಎತ್ತಿ ಹಿಡಿದು, 'ಅಣ್ಣಾ, ನೋಡಿಲ್ಲೆ! ನಮ್ಮ ದಾದೇಸಾಬನ ಪಿಚ್ಚರ್ ಸಿಕ್ತು!' ಎಂದು ಕೂಗಿದೆ. ಇಟಲಿಯವರು ತೆಗೆದ ಕೌಬಾಯ್ ಚಿತ್ರ, ಇಂಗ್ಲಿಷ್ ಮಾತು ಹಚ್ಚಿದ್ದು. ನೀನು ಏಳು ವರ್ಷದವಳಿದ್ದಾಗ ನಿಮ್ಮಣ್ಣ ನಿನ್ನನ್ನು ಟೆಂಟಿಗೆ ಕರೆದೊಯ್ದು ತೋರಿಸಿದ್ದರಂತೆ. ಪರದೆಯ ಪಕ್ಕ ದಾದೇಸಾಬ ಎಂಬಾತ ಮೈಕು ಹಿಡಿದು ನಿಂತು, ಕುದುರೆ ಸವಾರರ ಮಾತನ್ನೆಲ್ಲ ನಮ್ಮ ಕಡೆಯ ಕನ್ನಡದಲ್ಲಿ ಹೇಳುತ್ತಿದ್ದನಂತೆ. ಇಂಗ್ಲಿಷಿನ ಒಂದಕ್ಷರವೂ ಬಾರದವನು. ಮುಖ ನೋಡಿ ಮಾತು ಕಟ್ಟುತ್ತಿದ್ದ. ನೀವಿಬ್ಬರೂ ಅದನ್ನು ಬಾಯಿಪಾಠ ಮಾಡಿಕೊಂಡಿದ್ದಿರಿ.

ನೀನು ಟಿ.ವಿ.ಯ ದನಿ ಪೂರ್ತಿ ಇಳಿಸಿದೆ. ಗಡ್ಡದ ದಡೂತಿ ಮನುಷ್ಯ ಖಾನಾವಳಿಯಲ್ಲಿ ಉಣ್ಣುತ್ತಿದ್ದ. ಬಂದೂಕಿನವನೊಬ್ಬ ಬಂದು ನಿಂತ. ನಿಮ್ಮಣ್ಣ ಸೊಂಟಕ್ಕೆ ಕೈಯಿಟ್ಟು, 'ಏ ದಡಿಯಾ, ಬಾ ಹೊರಗ!' ಎಂದರು. ನೀನು ಬಾಯಿ ತುಂಬ ಶೇಂಗಾ ತುಂಬಿಕೊಂಡು, 'ತಡಿಯೋ ಯಪ್ಪಾ, ಹೊಡ್ತ ಎಲ್ಲಿ ಓಡಿ ಹೋಗ್ತಾವು? ಮೊದ್ಲ ರೊಟ್ಟಿ ಆರ್ತಾವು' ಎಂದೆ. ಗಡ್ಡದವನು ಕೂತಲ್ಲಿಂದಲೇ ಒಂದು ಕೊಟ್ಟ. ಬಂದೂಕಿನವನು ಮೂರು ಸುತ್ತು ತಿರುಗಿ, ಬಾಗಿಲಾಚೆ ಹೋಗಿ ಕುದುರೆಗಳ ನೀರಿನ ತೊಟ್ಟಿಯಲ್ಲಿ ಕೂತ. 'ಜಳಕ ಆತೇನ್ರಿ ಗೌಡ್ರ?' ಎಂದೆ ನೀನು. ನಿಮ್ಮಣ್ಣ ಹೊಟ್ಟೆ ಹಿಡಿದುಕೊಂಡು ನಕ್ಕರು. ಕಣ್ಣಲ್ಲಿ ನೀರು ಬಂತು.

ನಾನು ರಿಮೋಟ್ ತೆಗೆದುಕೊಂಡು ಹಿಂದೆ ಓಡಿಸಿ, ದನಿ ಏರಿಸಿದೆ. 'ಅವನು ರೊಟ್ಟಿ ಅನ್ನಲೇ ಇಲ್ಲ. ಸಂಜೆಯೊಳಗೆ ಊರು ಬಿಟ್ಟು ಹೋಗಿ ಅಂದದ್ದು' ಎಂದೆ. ಮುಂದಿನ ಮಾತಿಗೂ ಹಾಗೇ ಮಾಡಿದೆ. ಅದರ ಮುಂದಿನದಕ್ಕೂ.

'ಹೌದೇನ್ರಿ ವೈನಿ?' ಎಂದೆ ನೀನು. ನಿಮ್ಮಣ್ಣ ಕಣ್ಣೊರೆಸಿಕೊಂಡು, 'ನಿನಗ ಇಂಗ್ಲಿಷ್ ತಿಳಿತೈತಿ. ಅದಕ್ಕ ಈ ಪಿಚ್ಚರ್ ತಿಳಿವಲ್ದು' ಎಂದರು. ಸಿಟ್ಟಿನಿಂದಲ್ಲ. ಸಿಟ್ಟು ಬಂದಿದ್ದರೆ ನನಗೆ ಹಗುರವಾಗುತ್ತಿತ್ತು. ಉಳಿದ ಅರ್ಧ ಚಿತ್ರವನ್ನು ಮೂವರೂ ಸರಿಯಾದ ಇಂಗ್ಲಿಷಿನಲ್ಲಿ ನೋಡಿದೆವು. ತೊಟ್ಟಿಯಲ್ಲಿ ಇನ್ನೂ ನಾಲ್ಕು ಜನ ಬಿದ್ದರು, ಯಾರೂ ನಗಲಿಲ್ಲ.

ನಾನು ಹೇಳಿದ್ದರಲ್ಲಿ ತಪ್ಪೇನಿತ್ತು ಎಂದು ಬಹಳ ಸಲ ಕೇಳಿಕೊಂಡೆ. ತಪ್ಪಿರಲಿಲ್ಲ. ಆದರೆ ಚಿತ್ರ ನಿಮಗೆ ಅರ್ಥವಾಗಲಿ ಎಂದು ನಾನು ಬಾಯಿ ತೆಗೆದಿರಲಿಲ್ಲ, ಅದೂ ಗೊತ್ತು. ಗೊಬ್ಬರದ ಕಂಪನಿಯಿಂದ ಇಂಗ್ಲಿಷ್ ಕಾಗದ ಬಂದರೆ ನಿಮ್ಮಣ್ಣ ನನ್ನ ಮುಂದಿಡುತ್ತಾರೆ. ನಾನು ಓದಿ ಹೇಳುತ್ತೇನೆ, ಅವರು ತಲೆಯಾಡಿಸುತ್ತಾರೆ. ಇಪ್ಪತ್ತು ವರ್ಷ ಆ ತಲೆಯಾಡಿಸುವುದೇ ದೊಡ್ಡದೆಂದುಕೊಂಡಿದ್ದೆ. ಆ ದಿನ ನೀನು ಬರುವವರೆಗೆ ಅವರು ಹಾಗೆ ನಗಬಲ್ಲರು ಎಂದೇ ನನಗೆ ತಿಳಿದಿರಲಿಲ್ಲ.

ಮೊನ್ನೆ ಮಧ್ಯಾಹ್ನ ಒಬ್ಬಳೇ ಸಿ.ಡಿ. ಹಚ್ಚಿದೆ. ದನಿ ಇಳಿಸಿ, 'ತಡಿಯೋ ಯಪ್ಪಾ' ಎಂದು ಗಟ್ಟಿಯಾಗಿ ಹೇಳಿ ನೋಡಿದೆ. ಹಿತ್ತಲಲ್ಲಿ ಪಾತ್ರೆ ತೊಳೆಯುತ್ತಿದ್ದ ಫಕೀರಮ್ಮ ಒಳಗೆ ಇಣುಕಿ, 'ಅಕ್ಕಾರ, ಯಾರ ಮ್ಯಾಲ ಸಿಟ್ಟಾಗೀರಿ?' ಎಂದಳು. ಇನ್ನಷ್ಟು ರೂಢಿ ಬೇಕೇನೋ.

ನೀನು ಹೊಟ್ಟೆ ತುಂಬ ಉಂಡು, ನಗುನಗುತ್ತ ಇರು. ದೇವರು ನಿನ್ನನ್ನು ಚೆನ್ನಾಗಿಟ್ಟಿರಲಿ. ಇದು ಹೊಟ್ಟೆಕಿಚ್ಚು ಆರಿದ ಮೇಲೆ ಬರೆದದ್ದಲ್ಲ, ಇರುವಾಗಲೇ ಬರೆದದ್ದು.

ನಿನ್ನ ವೈನಿ,
ಹೇಮಾ

ಮರೆತ ಮಾತು: ಮರೆತಿರಲಿಲ್ಲ, ಕೆಳಗೆ ತಳ್ಳುತ್ತ ಬಂದೆ. ಜೋರಾಗಿ ನಗು ಬಂದಾಗ ಮನುಷ್ಯ ತನಗೇ ತಿಳಿಯದಂತೆ ಒಬ್ಬರ ಮುಖ ನೋಡುತ್ತಾನೆ, ಅವರೂ ನಕ್ಕರೇ ಎಂದು. ಆ ದಿನ ಪ್ರತಿ ಸಲವೂ ಅವರು ನಿನ್ನ ಕಡೆ ತಿರುಗಿದರು. ನಾನು ಅವರ ಇನ್ನೊಂದು ಪಕ್ಕದಲ್ಲೇ ಕೂತಿದ್ದೆ, ಶೇಂಗಾದ ತಟ್ಟೆ ತೊಡೆಯ ಮೇಲಿಟ್ಟುಕೊಂಡು. ನನ್ನ ಕಡೆ ಅವರ ಕೈ ಮಾತ್ರ ಬರುತ್ತಿತ್ತು. ಮಂಗಳವಾರ ಅಂಗಡಿಗೆ ರಜೆ. ಅವರ ಮುಂದೆ ಸುಳ್ಳು ಒಪ್ಪಿಕೊಂಡು, ಸಿ.ಡಿ. ಹಚ್ಚಿ, ದನಿ ಇಳಿಸಿ, ರೊಟ್ಟಿಯ ಮಾತನ್ನು ನಾನೇ ಆಡುತ್ತೇನೆ. ಅವರು ಯಾವ ಕಡೆ ತಿರುಗಿದರೂ ಸರಿ, ಸಿ.ಡಿ.ಯನ್ನು ಈ ಪತ್ರದ ಜೊತೆಗಿಟ್ಟು ಪೋಸ್ಟ್ ಮಾಡುವುದು ಮರುದಿನ: ಬುಧವಾರ, ೧ ಜೂನ್ ೨೦೦೫.