ಹುರುಳಿಯ ಕೆಳಗಿನ ಅಡಿಪಾಯ

ಅಪ್ಪಯ್ಯಾ,

ಆಸ್ಪತ್ರೆಯ ಮಂಚದ ಮೇಲೆ ನನ್ನ ಕೈ ಹಿಡಿದು ಹೇಳಿದ್ದು ನೆನಪಿದೆಯಾ? "ಅಮ್ಮನ ಗುಡಿ ಈಶಾನ್ಯ ಮೂಲೆಗೆ ದಪ್ಪಗಲ್ಲು ಸಾಲ್ದೆ ಚೂರುಗಲ್ಲು ತುಂಬ್ಬಿಟ್ಟಿದೀನಿ ಕಣವ್ವ. ಅದ್ರ ಮೇಲೆ ಗೋಡೆ ಏಳಬಾರ್ದು." ಅಷ್ಟು ಹೇಳಿ ಹೋಗಿಬಿಟ್ಟೆ. ನನ್ನ ಪುಕ್ಕಲುತನ ನಿನಗೆ ಗೊತ್ತಿರಲಿಲ್ಲವಾ? ಅಜ್ಜಂಪುರದ ಸುತ್ತ ಹೆಸರು ಮಾಡಿದ ಮೇಸ್ತ್ರಿ ದೇವರ ಕೆಲಸದಲ್ಲೇ ಹೀಗೆ ಮಾಡಿದ ಅಂತ ಜನ ಆಡಿಕೊಂಡರೆ... ಮೂರು ವರ್ಷ ಬಾಯಿ ಬಿಡಲಿಲ್ಲ.

ನೀನು ಹೋದ ವರ್ಷವೇ ಗುಡಿ ಕಟ್ಟಿಸುತ್ತಿದ್ದ ಗೌಡರು ಅಡಿಪಾಯದ ಮೇಲೆ ಮಣ್ಣು ಹರಡಿಸಿ ಹುರುಳಿ ಬಿತ್ತಿಸಿದರು. ಜಾಗ ಸುಮ್ಮನೆ ಯಾಕೆ ಬಿಡೋದು ಅಂದರು. ಪ್ರತಿ ವರ್ಷ ಹುರುಳಿ ಕಿತ್ತಾಗ ಹೋಗಿ ಇಣುಕಿ ಬರುತ್ತಿದ್ದೆ. ಈ ಸಲ ಗೋಡೆ ಶುರುವಾದರೆ?

ಮೊನ್ನೆ ನಿನ್ನ ಮೊಮ್ಮಗಳು ಓದುತ್ತಾ ಕೂತಿದ್ದಳು. ತರೀಕೆರೆಯಲ್ಲಿ ಸಿವಿಲ್ ಡಿಪ್ಲೊಮಾ ಮಾಡುತ್ತಿದ್ದಾಳೆ, ಗೊತ್ತಾ? ಆರನೇ ಕ್ಲಾಸಿಗೇ ಸ್ಲೇಟು ಬಿಟ್ಟು ನಿನ್ನ ಗಾರೆ ಬಾಣಲಿ ಹೊತ್ತ ನನಗೆ ಪುಸ್ತಕದಲ್ಲಿರೋದನ್ನು ಅವಳೇ ಬಿಡಿಸಿ ಹೇಳಬೇಕು. ಅಮೆರಿಕದಲ್ಲಿ ಮಾರ್ಮನ್ ಅನ್ನುವ ಪಂಥದವರಂತೆ. ಮೊದಲು ಕಟ್ಟಿದ ದೇವಾಲಯಗಳನ್ನು ಬಿಟ್ಟು, ಊರೂರು ಅಟ್ಟಿಸಿಕೊಂಡು, ಕೊನೆಗೆ ಸಾಲ್ಟ್ ಲೇಕ್ ಅನ್ನುವ ಕಡೆ ದೊಡ್ಡದೊಂದಕ್ಕೆ ಅಡಿಪಾಯ ಹಾಕಿದರಂತೆ. ಸರ್ಕಾರದ ಸೈನ್ಯ ಬರುತ್ತದೆ ಅಂತ ಹೆದರಿ ಅದನ್ನು ಮಣ್ಣಿನಲ್ಲಿ ಮುಚ್ಚಿ, ಉತ್ತ ಹೊಲದ ಹಾಗೆ ಮಾಡಿಬಿಟ್ಟರಂತೆ. ಹುರುಳಿ ಬಿತ್ತಿದ್ದರಾ ಅಂತ ಕೇಳಿದೆ. ಹೊಟ್ಟೆ ಹಿಡಿದುಕೊಂಡು ನಕ್ಕಳು. ಆಮೇಲೆ ಮಣ್ಣು ತೆಗೆದು ನೋಡಿದರೆ ಕಲ್ಲಿನಲ್ಲಿ ಬಿರುಕು. ಕೆಟ್ಟ ಕಲ್ಲು ಕಿತ್ತು ಮತ್ತೆ ಕೂರಿಸಿದರಂತೆ. ಎಲ್ಲಾ ಮುಗಿಯಲು ನಲವತ್ತು ವರ್ಷ!

"ಮೊದ್ಲು ಹಾಕಿದ್ ಮೇಸ್ತ್ರೀನ ಯಾರಾದ್ರೂ ಬೈದ್ರಾ?"

"ಅದೆಲ್ಲಾ ಬರ್ದಿಲ್ಲ ಕಣಮ್ಮ. ಗುಡಿ ಇವತ್ತಿಗೂ ನಿಂತೈತೆ, ಅಷ್ಟೇ."

ಮಾರನೇ ದಿನ ಬೆಳಿಗ್ಗೆ ಗೌಡರ ಮನೆಗೆ ಹೊರಟೆ. ದಾರಿಯಲ್ಲಿ ಎರಡು ಸಲ ವಾಪಸ್ ತಿರುಗಿದೆ. ಅವರು ಜಗಲಿಯಲ್ಲಿ ತೆಂಗಿನಕಾಯಿ ಸುಲಿಯುತ್ತಿದ್ದರು. ನಾನು ತಲೆ ತಗ್ಗಿಸಿ ಮೂಲೆಯ ವಿಷಯ ಪೂರ್ತಿ ಹೇಳಿದೆ. ಸುಲಿಯುವುದನ್ನು ನಿಲ್ಲಿಸಲೂ ಇಲ್ಲ, ಮಹಾರಾಯ.

"ಅಂತೂ ಬಾಯ್ಬಿಟ್ಯಲ್ಲ ತಾಯಿ. ನಿಮ್ಮಪ್ಪ ನಂಗೂ ಹೇಳಿದ್ದ. ನನ್ ಮಗ್ಳೇ ಬಂದು ಹೇಳೋವರ್ಗೂ ಮುಟ್ಬೇಡ, ಹೇಳಿದ್ ದಿನ ಅವಳ್ನೇ ಮೇಸ್ತ್ರಿ ಮಾಡು ಅಂದಿದ್ದ. ಇನ್ನೆಷ್ಟ್ ವರ್ಷ ಹುರುಳಿ ಸಾರು ಉಣ್ಣೋದು ಅಂತ ನಮ್ಮೋಳು ಬೈತಿದ್ಲು."

ಎಂಥಾ ಕಳ್ಳ ನೀನು ಅಪ್ಪಯ್ಯಾ! ಮೂರು ವರ್ಷದ ನನ್ನ ನಿದ್ದೆ ಯಾರು ಕೊಡುತ್ತಾರೆ?

ಚೂರುಗಲ್ಲು ಕಿತ್ತಾಯಿತು. ಕೇರಿಯ ಹೆಂಗಸರು ಈಗಲೇ ಮೇಸ್ತ್ರಮ್ಮ ಅಂತ ಕರೆದು ಕಿಚಾಯಿಸುತ್ತಾರೆ. ನಾಳೆ ದಪ್ಪಗಲ್ಲು ಕೂರಿಸುತ್ತೇನೆ. ನಿನ್ನ ತೂಗುಗುಂಡು ಒರೆಸಿ ಇಟ್ಟಿದ್ದೇನೆ, ಮೂಲೆ ನೆಟ್ಟಗಿದೆಯಾ ಅಂತ ಅದನ್ನು ಮೂರು ಸಲ ಇಳಿಬಿಟ್ಟು ನೋಡುತ್ತೇನೆ. ಸರಿ, ನಾಲ್ಕು ಸಲ.

ನಿನ್ನ ಮಗಳು