ಮೊದಲು ಕಂಡ ಉತ್ತರ

ಭಾನುವಾರ, ಮಾರ್ಚ್ ೧೪

ಪ್ರೀತಿಯ ಪುಟ್ಟಿಗೆ,

ನಿನ್ನ ಪರೀಕ್ಷೆ ಮುಗಿಯಿತು ಅಂತ ಖಾತ್ರಿಯಾದ ಮೇಲೇ ಈ ಕಾಗದ ಬರೆಯಲು ಕೂತಿದ್ದೇನೆ. ಮುಖ್ಯವಾದದ್ದನ್ನು ಮೊದಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ನೀನು ಸಾಲು ಹಾರಿಸಿ ಕೊನೆಗೆ ಓಡುತ್ತೀಯ: ಅಪ್ಪ ಚೆನ್ನಾಗಿದ್ದಾರೆ. ಈಗ ಪಕ್ಕದ ಕೋಣೆಯಲ್ಲಿ ರೇಡಿಯೊದವರ ಮೇಲೆ ಸಿಟ್ಟು ಮಾಡಿಕೊಂಡು ಕೂತಿದ್ದಾರೆ. ಆದರೆ ಹೋದ ತಿಂಗಳು ಅವರ ಬಲಗೈ ಸುಟ್ಟಿತು. ಫೋನಿನಲ್ಲಿ ಹೇಳಿದ್ದರೆ ನೀನು ಓದು ಬಿಟ್ಟು ಬಸ್ಸು ಹತ್ತುತ್ತಿದ್ದೆ. ಅವರ ದನಿ ಕೇಳಿದರೆ ನಿನಗೆ ತಿಳಿದುಬಿಡುತ್ತಿತ್ತು. ಅದಕ್ಕೇ ನೀನು ಕೇಳಿದಾಗಲೆಲ್ಲ ಸ್ನಾನಕ್ಕೆ ಹೋಗಿದ್ದಾರೆ ಅಂದೆ. ಒಬ್ಬ ಮನುಷ್ಯ ಅಷ್ಟು ಸಲ ಸ್ನಾನ ಮಾಡುವುದಿಲ್ಲ ಅಂತ ನಿನಗೆ ಅನುಮಾನ ಬರಲಿಲ್ಲವಲ್ಲ, ಅದೇ ನನಗೆ ಆಶ್ಚರ್ಯ.

ಆಗಿದ್ದು ಅಂಗಡಿಯಲ್ಲೇ. ಗ್ರಂಥಾಲಯದವರು ಬೈಂಡಿಂಗ್‌ಗೆ ಕೊಟ್ಟಿದ್ದ ಹಳೇ ಪುಸ್ತಕಗಳ ರಾಶಿ ಇತ್ತು. ನಾನು ಹೊಲಿದು ಕೊಡುತ್ತಿದ್ದೆ, ಅಪ್ಪ ಬೆನ್ನಿಗೆ ಬಿಸಿ ಅಂಟು ಬಳಿದು ರಟ್ಟು ಕೂರಿಸುತ್ತಿದ್ದರು. ಒಲೆಯಿಂದ ಇಳಿಸುವಾಗ ಅಂಟಿನ ಪಾತ್ರೆಯ ಹಿಡಿ ಸಡಿಲಾಗಿ ವಾಲಿತು. ಕುದಿಯುವ ಅಂಟು ಅವರ ಮುಂಗೈ ಮೇಲೂ ಬೆರಳುಗಳ ಮೇಲೂ ಸುರಿಯಿತು. ಅಪ್ಪ ಕೂಗಲಿಲ್ಲ. ಕೈ ಮುಂದೆ ಹಿಡಿದುಕೊಂಡು ಹಿತ್ತಲ ನಲ್ಲಿಯ ಕಡೆ ಹೊರಟರು.

ಪುಟ್ಟಿ, ಅವರನ್ನು ತಡೆದದ್ದು ನಾನು. "ತಾಳ್ರೀ, ನೀರು ಹಾಕಿದ್ರೆ ಏನಾದ್ರೂ ಆದೀತು, ಒಂದ್ನಿಮಿಷ ನೋಡ್ತೀನಿ" ಅಂತ ಸ್ಟೂಲಿನ ಮೇಲೆ ಕೂರಿಸಿ ಫೋನ್ ತೆಗೆದೆ. ಬಿಸಿ ಅಂಟು ಕೈಗೆ ಬಿದ್ದರೆ ಏನು ಮಾಡಬೇಕು ಅಂತ ಬರೆದೆ. ಎಲ್ಲಕ್ಕಿಂತ ಮೇಲೆ, ಒಂದು ಚೌಕದೊಳಗೆ, ದಪ್ಪ ಅಕ್ಷರದಲ್ಲಿ ಉತ್ತರ ಬಂತು: ಅಂಟನ್ನು ಕೂಡಲೇ ಕಿತ್ತು ತೆಗೆಯುವುದು, ಮಂಜುಗಡ್ಡೆ ಒತ್ತಿ ಹಿಡಿಯುವುದು, ಬೆಣ್ಣೆ ಸವರುವುದು. ಅಷ್ಟು ಸ್ಪಷ್ಟವಾಗಿ ಹೇಳಿದ ಮೇಲೆ ಇನ್ನೇನು ನೋಡುವುದು? ಮೂರನ್ನೂ ಅದೇ ಕ್ರಮದಲ್ಲಿ ಮಾಡಿದೆ. ಅಂಟಿನ ಜೊತೆ ಚರ್ಮವೂ ಬಂತು. ಆಗ ಅಪ್ಪ ಕೂಗಿದರು.

ಆಮೇಲೆ ಡಾಕ್ಟರನ್ನು ಹುಡುಕಿದೆ. ಪುಟದಲ್ಲಿ ಎಲ್ಲಕ್ಕಿಂತ ಮೇಲೆ ಒಂದು ಕ್ಲಿನಿಕ್ಕಿನ ಹೆಸರು ಬಂತು. ಸುಟ್ಟ ಗಾಯಕ್ಕೆ ಅತ್ಯುತ್ತಮ ಚಿಕಿತ್ಸೆ, ಈಗಲೇ ಬನ್ನಿ ಅಂತಿತ್ತು. ಟ್ಯಾಕ್ಸಿ ಹಿಡಿದು ಹೋದೆವು. ಒಳಗೆ ಗಾಜಿನ ಬಾಗಿಲು, ಬಿಳಿ ಸೋಫಾ, ಹೂಕುಂಡ. ಮೇಜಿನ ಹಿಂದಿನ ಹುಡುಗಿ ಅಪ್ಪನ ಕೈ ನೋಡಿ ಮುಖ ಆ ಕಡೆ ತಿರುಗಿಸಿ, "ಇದು ಕಲೆ ತೆಗೆಯೋ ಜಾಗ ಅಮ್ಮಾ. ಗಾಯ ವಾಸಿಯಾಗಿ ಕಲೆ ಉಳಿದ್ರೆ ಬನ್ನಿ" ಅಂದಳು. ಹೊರಗೆ ಬಂದು ಮತ್ತೆ ಫೋನ್ ನೋಡಿದರೆ ಆ ಹೆಸರಿನ ತಲೆಯ ಮೇಲೆ ಇರುವೆಯಷ್ಟು ಸಣ್ಣಗೆ "ಪ್ರಾಯೋಜಿತ" ಅಂತ ಬರೆದಿತ್ತು. ದುಡ್ಡು ಕೊಟ್ಟು ಮೇಲೆ ಕೂತವರು ಅಂತ ಅರ್ಥವಂತೆ. ಅದು ನನಗೆ ಆಮೇಲೆ ಗೊತ್ತಾಯಿತು.

ಅದರ ಕೆಳಗೆ ಪುಟ್ಟ ನಕ್ಷೆ, ಕೆಂಪು ಗುರುತುಗಳು, ಹೆಸರಿನ ಪಕ್ಕದಲ್ಲಿ ನಕ್ಷತ್ರಗಳು. ಹತ್ತಿರದ ಗುರುತು ಎರಡು ಬೀದಿ ಆಚೆ ಇತ್ತು. ನಡೆದೇ ಹೋದೆವು. ಶಟರ್ ಎಳೆದಿತ್ತು. ಎದುರಿಗೆ ಚಪ್ಪಲಿ ಹೊಲಿಯುತ್ತಿದ್ದವರು ತಲೆಯೆತ್ತಿ, "ಆ ಡಾಕ್ಟ್ರು ಖಾಲಿ ಮಾಡಿ ಎಷ್ಟೋ ದಿನ ಆಯ್ತಲ್ಲಾ, ಹೀಗೇ ಜನ ಬರ್ತಾನೇ ಇರ್ತಾರೆ" ಅಂದರು. ಅಪ್ಪ ಅಂಥ ನೋವಿನಲ್ಲೂ, "ಇನ್ನೊಂದು ಸಲ ಒತ್ತು, ಈ ಸಲ ಕ್ಷೌರದಂಗಡಿಗೆ ಕರ್ಕೊಂಡು ಹೋಗುತ್ತೆ" ಅಂದರು. ನನಗೆ ನಗು ಬರಲಿಲ್ಲ. ಅವರ ತುಟಿ ಬಿಳಿಚಿಕೊಂಡಿತ್ತು.

ಆ ಶಟರಿನ ಮುಂದಿನ ಮೆಟ್ಟಿಲ ಮೇಲೆ ಕೂತು ಮೊದಲ ಬಾರಿ ಪುಟವನ್ನು ಪೂರ್ತಿ ಕೆಳಗೆ ಸರಿಸಿದೆ. ನಕ್ಷೆ ಹೋಯಿತು. ಜನರು ಇದನ್ನೂ ಕೇಳುತ್ತಾರೆ ಅನ್ನುವ ಪ್ರಶ್ನೆಗಳ ಸಾಲು ಹೋಯಿತು. ಯಾರೋ ಕೈಗೆ ಏನೋ ಹಚ್ಚಿಕೊಳ್ಳುವ ವಿಡಿಯೊಗಳು ಹೋದವು. ಅವುಗಳ ಕೆಳಗೆ ಚಿತ್ರವಿಲ್ಲ, ನಕ್ಷತ್ರವಿಲ್ಲ, ಬರೀ ಎರಡು ಸಾಲು: ಸರ್ಕಾರಿ ಆಸ್ಪತ್ರೆ, ಸುಟ್ಟ ಗಾಯಗಳ ವಿಭಾಗ, ಸದಾ ತೆರೆದಿರುತ್ತದೆ. ನಾವು ಕ್ಲಿನಿಕ್ಕಿಗೆ ಹೋಗುವಾಗ ಅದರ ಗೇಟಿನ ಮುಂದೆಯೇ ಹಾದುಹೋಗಿದ್ದೆವು.

ಆ ಆಸ್ಪತ್ರೆಗೆ ಹೋದಾಗ ಡಾಕ್ಟರಮ್ಮ ಕೈ ತಿರುಗಿಸಿ ನೋಡಿದರು. ತೋರುಬೆರಳಿಗೆ ಚರ್ಮ ಕಸಿ ಮಾಡಬೇಕು, ಉಳಿದದ್ದು ತಾನಾಗಿ ಮಾಯಬಹುದು ಅಂದರು. ಡ್ರೆಸಿಂಗ್ ಮಾಡುವ ನರ್ಸಮ್ಮ ಮಾತ್ರ ಕೇಳಿದರು, ಇದಕ್ಕೆ ಮಂಜುಗಡ್ಡೆ ಇಟ್ಟವರು ಯಾರು ಅಂತ. ನಾನು ಫೋನ್ ಮುಂದೆ ಹಿಡಿದೆ. ಅವರು ಬೈಯಲಿಲ್ಲ. ಆ ಚೌಕವನ್ನು ಬೆರಳಿಂದ ಒತ್ತಿದರು. ಅದು ಹೀಗೆ ತೆರೆದುಕೊಳ್ಳುತ್ತದೆ ಅಂತಲೇ ನನಗೆ ಗೊತ್ತಿರಲಿಲ್ಲ. ಒಳಗೆ ಉದ್ದನೆಯ ಲೇಖನ, ಅದರ ತಲೆಬರಹ: ಬಿಸಿ ಅಂಟು ಬಿದ್ದಾಗ ಜನ ಮಾಡುವ ತಪ್ಪುಗಳು. ಆಮೇಲೆ ಆ ಮೂರು ಸಾಲು. ಅದರ ಕೆಳಗೆ ನಿಜವಾಗಿ ಮಾಡಬೇಕಾದದ್ದು: ಹರಿಯುವ ತಣ್ಣೀರಿನ ಕೆಳಗೆ ಇಪ್ಪತ್ತು ನಿಮಿಷ ಕೈ ಹಿಡಿಯಿರಿ, ಅಂಟನ್ನು ಕೀಳಬೇಡಿ, ಆಸ್ಪತ್ರೆಗೆ ಹೋಗಿ.

"ಇದು ಉತ್ತರ ಅಲ್ಲಮ್ಮಾ" ಅಂದರು ನರ್ಸಮ್ಮ. "ಯಾರದೋ ಪುಟದಿಂದ ಯಂತ್ರ ಕತ್ತರಿಸಿ ಮೇಲೆ ಅಂಟಿಸಿದ ತುಂಡು. ತಲೆಬರಹ ಅಲ್ಲೇ ಬಿಟ್ಟು ಬಂದಿದೆ. ನಿಮ್ಮ ಹಾಗೆ ಬಂದವರು ನೀವೇ ಮೊದಲಲ್ಲ."

ಜೀವಮಾನವೆಲ್ಲ ಪುಸ್ತಕ ಹೊಲಿದವಳು ನಾನು. ಮೊದಲ ಹಾಳೆ ಇಲ್ಲದ ಪುಸ್ತಕ ಬಂದರೆ ಗಿರಾಕಿಯನ್ನು ಕರೆದು ಕೇಳದೆ ದಾರ ಹಾಕುವುದಿಲ್ಲ. ಆ ದಿನ ಅದೆಲ್ಲ ಎಲ್ಲಿ ಹೋಗಿತ್ತೋ.

ಅಪ್ಪ ವಾರ್ಡಿನಲ್ಲಿದ್ದಷ್ಟು ದಿನವೂ ನಾನು ಹೊರಗಿನ ಬೆಂಚಿನ ಮೇಲೆ ಕೂತು ಫೋನಿನ ಆ ಹುಡುಕಾಟದ ಪುಟವನ್ನೇ ಓದಿದೆ. ಏನೇ ಹುಡುಕಲಿ, ಮೊದಲು ಇದು ಯಾರ ಮಾತು ಅಂತ ನೋಡುತ್ತೇನೆ. ದುಡ್ಡು ಕೊಟ್ಟು ಬಂದದ್ದೋ, ಹತ್ತಿರವಿದೆ ಅಂತ ಬಂದದ್ದೋ, ಕತ್ತರಿಸಿ ತಂದದ್ದೋ, ಸುಮ್ಮನೆ ತನ್ನ ಪಾಡಿಗೆ ಕೆಳಗೆ ಕೂತಿರುವುದೋ. ನಕ್ಷೆ ಕಂಡರೆ ಮೊದಲು ಫೋನ್ ಮಾಡಿ, ಇದ್ದೀರಾ ಅಂತ ಕೇಳುತ್ತೇನೆ. ಕೆಳಗಿರುವುದೆಲ್ಲ ಸತ್ಯ ಅಂತಲ್ಲ, ಅಲ್ಲೂ ಕಸ ಬೇಕಾದಷ್ಟಿದೆ. ಒಂದು ದಿನ ಪಕ್ಕದಲ್ಲಿ ಕೂತಿದ್ದ ಹೆಂಗಸು ತನ್ನ ಅತ್ತೆಗೆ ಮುಲಾಮು ಹುಡುಕುತ್ತಾ ಮೊದಲ ಹೆಸರಿಗೆ ಬೆರಳು ಇಟ್ಟಳು. ಗುರುತು ಪರಿಚಯ ಇಲ್ಲ, ಆದರೂ ಅವಳ ಮುಂಗೈ ಹಿಡಿದುಬಿಟ್ಟೆ. ಹೆದರಿಕೊಂಡಳು ಪಾಪ. ಆಮೇಲೆ ಇಬ್ಬರೂ ಒಳಗೆ ಹೋಗಿ ನರ್ಸಮ್ಮನನ್ನೇ ಕೇಳಿದೆವು.

ಈಗ ಕಸಿ ಹಿಡಿದು ಅಪ್ಪನ ಕೈ ವಾಸಿಯಾಗಿದೆ. ಉಳಿದ ಬೆರಳು ಮಡಚುತ್ತವೆ, ತೋರುಬೆರಳು ಅರ್ಧಕ್ಕೆ ನಿಲ್ಲುತ್ತದೆ. ವ್ಯಾಯಾಮ ಮಾಡಿಸುವವರು ಇನ್ನಷ್ಟು ಬರಬಹುದು ಅನ್ನುತ್ತಾರೆ, ಬರುತ್ತದೆ ಅಂತ ಮಾತ್ರ ಹೇಳುವುದಿಲ್ಲ. ಅಂಗಡಿ ತೆರೆದಿದ್ದೇವೆ. ಗ್ರಂಥಾಲಯದವರು ಕಾದರು, ದೊಡ್ಡ ಮನಸ್ಸು. ಅಂಟು ಬಳಿಯುವುದು ಈಗ ನಾನು. ಅಪ್ಪ ಸ್ಟೂಲಿನ ಮೇಲೆ ಕೂತು, "ಅಂಚಿಗೆ ಬಳಿ, ಅಂಚಿಗೆ" ಅಂತ ಪ್ರಾಣ ತಿನ್ನುತ್ತಾರೆ. ಅಂದು ಏನಾಯಿತು ಅನ್ನುವ ಬಗ್ಗೆ ಮಾತ್ರ ಒಂದು ಮಾತೂ ಆಡಿಲ್ಲ. ನಾನು ಆ ಮಾತು ತೆಗೆದರೆ ಎದ್ದು ಹೋಗುತ್ತಾರೆ. ನಾನು ತಡೆಯದಿದ್ದರೆ ಆ ಬೆರಳು ಪೂರ್ತಿ ಮಡಚುತ್ತಿತ್ತು ಅಂತ ಅವರು ಅಂದುಕೊಂಡಿದ್ದಾರೋ ಏನೋ, ನನಗೆ ತಿಳಿಯದು. ಬೈದಿದ್ದರೆ ಹಗುರಾಗುತ್ತಿದ್ದೆ.

ರಜೆಗೆ ಬಂದಾಗ ಅವರ ಕೈ ನೋಡಿಯೂ ನೋಡದ ಹಾಗೆ ಇರಬೇಡ. ಹಿಡಿದು ನೋಡು, ಏನು ಕೇಳಬೇಕೋ ಕೇಳು. ಊಟ ಹೊತ್ತಿಗೆ ಸರಿಯಾಗಿ ಮಾಡು.

ಇಂತಿ,
ನಿನ್ನ ಅಮ್ಮ

ಮರೆತ ಮಾತು: ಲಕೋಟೆ ಅಂಟಿಸುವ ಮುಂಚೆ, ನಾಳೆ ಅಂಚೆ ಕಚೇರಿ ತೆರೆದಿರುತ್ತದೆಯೇ ಅಂತ ನೋಡೋಣವೆಂದು ಫೋನ್ ತೆಗೆದೆ. ನಮ್ಮಿಬ್ಬರಿಗೂ ಇರುವುದು ಆ ಒಂದೇ ಫೋನ್. ಹುಡುಕುವ ಜಾಗ ಮುಟ್ಟಿದ ಕೂಡಲೇ ಹಿಂದೆ ಹುಡುಕಿದ್ದೆಲ್ಲ ಕೆಳಗೆ ಇಳಿದು ನಿಂತಿತು. ಅದರಲ್ಲಿ ಒಂದು ನಾನು ಬರೆದದ್ದಲ್ಲ. ಅಪ್ಪ ಎಡಗೈಯಲ್ಲಿ ಒತ್ತಿದ್ದಾರೆ, ಅಲ್ಲಲ್ಲಿ ತಪ್ಪಿದ ಅಕ್ಷರ ತಿದ್ದಿ ಬರೆಯುತ್ತಿದ್ದೇನೆ: "ಹೆಂಡತಿ ತನ್ನದೇ ತಪ್ಪು ಅಂತ ಕೊರಗಿದರೆ ಏನು ಹೇಳಬೇಕು." ಯಾವ ಉತ್ತರ ಬಂದಿತ್ತೋ ನಾನು ತೆರೆದು ನೋಡಲಿಲ್ಲ. ಈಗಷ್ಟೇ ಅವರು ರೇಡಿಯೊ ಆರಿಸಿ, "ಬಾ, ಸ್ವಲ್ಪ ಕೂತು ಮಾತಾಡೋಣ" ಅಂತ ಕರೆದಿದ್ದಾರೆ. ಹೋಗುತ್ತಿದ್ದೇನೆ.