ಏಳನೆಯ ಕುರ್ಚಿಯ ತಾಯಿಗೆ

ಹುಬ್ಬಳ್ಳಿ
ಫೆಬ್ರವರಿ ೩೦, ೨೧೮೮

ಏಳನೆಯ ಕುರ್ಚಿಯಲ್ಲಿ ಕುಳಿತಿರುವ ತಾಯಿಯವರಿಗೆ, ಇಂದುಮತಿ ಹಂಚಿನಾಳ ಮಾಡುವ ನಮಸ್ಕಾರಗಳು.

ತಾರೀಖು ನೋಡಿ, ಬರೆದವಳ ತಲೆ ಸರಿಯಿಲ್ಲವೆಂದುಕೊಳ್ಳಬೇಡಿ. ನಮ್ಮ ಕಾಲದಲ್ಲಿ ಎಲ್ಲ ತಿಂಗಳಿಗೂ ಮೂವತ್ತೇ ದಿನ. ಮಿಕ್ಕ ಐದು ದಿನಗಳನ್ನು ವರ್ಷದ ಕೊನೆಗೆ ಒಟ್ಟುಗೂಡಿಸಿ ಎಲ್ಲರಿಗೂ ರಜೆ ಕೊಟ್ಟಿದ್ದಾರೆ. ನನ್ನ ಕೆಲವು ಮಾತುಗಳೂ ನಿಮಗೆ ವಿಚಿತ್ರವೆನಿಸಬಹುದು, ಕ್ಷಮಿಸಿ. ನಿಮ್ಮ ಕಾಲದ ಕನ್ನಡವನ್ನು ಎರಡು ತಿಂಗಳು ಗ್ರಂಥಾಲಯದಲ್ಲಿ ಕುಳಿತು ಓದಿಕೊಂಡಿದ್ದೇನೆ. ಆದರೂ ನಾನು ಖೋ-ಖೋ ಕಲಿಸುವವಳು, ಪತ್ರ ಬರೆದು ರೂಢಿಯಿಲ್ಲ.

ನೀವು ಕ್ಯಾನ್ಸರ್ ಎನ್ನುವುದನ್ನು ನಾವು ಅಡ್ಡಬೆಳೆ ಎನ್ನುತ್ತೇವೆ. ಅದು ಇನ್ನೂ ಇದೆ. ಆದರೆ ಅದರ ಹೆಸರನ್ನು ಈಗ ಯಾರೂ ದನಿ ತಗ್ಗಿಸಿ ಹೇಳುವುದಿಲ್ಲ. ನೂರರಲ್ಲಿ ತೊಂಬತ್ತೇಳು ಜನ ಒಂದೇ ಹನಿದಿನದಲ್ಲಿ ಗುಣವಾಗಿಬಿಡುತ್ತಾರೆ. ಹನಿದಿನವೆಂದರೆ ಆಸ್ಪತ್ರೆಯಲ್ಲಿ ಕಳೆಯುವ ಒಂದು ಇಡೀ ದಿನ. ಬೆಳಿಗ್ಗೆ ಆರಕ್ಕೆ ರಕ್ತ ತೆಗೆದು, ಕುರ್ಚಿಯ ಪಕ್ಕದಲ್ಲಿರುವ ಕಲಿಪೆಟ್ಟಿಗೆಗೆ ಸೇರಿಸುತ್ತಾರೆ. ಅದರೊಳಗೆ ನಮ್ಮದೇ ರಕ್ತದ ಕಣಗಳು ಅಡ್ಡಬೆಳೆಯನ್ನು ಗುರುತಿಸಿ ಹೊಡೆಯುವುದನ್ನು ಕಲಿಯುತ್ತವೆ. ಕಲಿತ ಮೇಲೆ ಪೆಟ್ಟಿಗೆಯ ದೀಪ ಹಸಿರಾಗುತ್ತದೆ, ಆಮೇಲೆ ಅವನ್ನು ಹನಿಹನಿಯಾಗಿ ನಮ್ಮ ಮೈಗೇ ಮರಳಿ ಇಳಿಸುತ್ತಾರೆ. ಕೂದಲು ಉದುರುವುದಿಲ್ಲ, ವಾಂತಿಯಿಲ್ಲ, ಬಾಯಿ ಕಹಿಯಾಗುವುದಿಲ್ಲ. ಆದರೆ ಕುರ್ಚಿ, ಕೊಳವೆ, ಕಾಯುವುದು, ಇವು ಮೂರು ನಿಮ್ಮ ಕಾಲದಲ್ಲಿದ್ದಂತೆಯೇ ಇವೆ. ಮಧ್ಯಾಹ್ನದ ಹೊತ್ತಿಗೆ ಬೆನ್ನು ನೋಯುತ್ತದೆ. ಊಟಕ್ಕೆ ಕೊಡುವ ಗಂಜಿಗೆ ಉಪ್ಪು ಕಡಿಮೆ.

ನಾನು ಆ ಮಿಕ್ಕ ಮೂವರಲ್ಲಿ ಒಬ್ಬಳಾಗಿದ್ದೆ. ನನ್ನ ಹೊಟ್ಟೆಯಲ್ಲಿ ಬೆಳೆದದ್ದು ಬಹಳ ಅಪರೂಪದ ಜಾತಿಯದು. ಎರಡು ಹನಿದಿನ ವ್ಯರ್ಥವಾದವು. ಮೂರಕ್ಕಿಂತ ಹೆಚ್ಚು ಸಲ ಮೈ ತಡೆಯುವುದಿಲ್ಲ. ಹಾಗಾಗಿ ಕಳೆದ ವರ್ಷ ಮಾರ್ಚಿನಲ್ಲಿ ಮೂರನೆಯ ಸಲ ಹೋಗಿ ಕುಳಿತಾಗ, ಅದೇ ಕೊನೆಯದೆಂದು ನನಗೂ ಗೊತ್ತಿತ್ತು, ವೈದ್ಯರಿಗೂ ಗೊತ್ತಿತ್ತು.

ಪಕ್ಕದ ಕುರ್ಚಿಯಲ್ಲಿ ಹುಸೇನಬಿ ಎಂಬ ಎಪ್ಪತ್ತು ದಾಟಿದ ಹೆಂಗಸು ಕುಳಿತಿದ್ದರು. ರೊಟ್ಟಿ ಬಡಿದು ಮಾರುವವರು. ಹನ್ನೊಂದಕ್ಕೆಲ್ಲ ಅವರ ದೀಪ ಹಸಿರಾಯಿತು. ನನ್ನದು ಹನ್ನೆರಡಾದರೂ ಹಳದಿ, ಒಂದಾದರೂ ಹಳದಿ.

"ಯಾಕ್ರೀ ಟೀಚರ, ಪದೇ ಪದೇ ಪೆಟಗಿ ನೋಡಾಕತ್ತೀರಿ? ನೀವು ನೋಡಿದ್ರ ಅವು ಲಗೂನ ಕಲಿತಾವೇನು?"

"ಓಡೋ ಕಾಲು ಇವು, ಚಾಚಿ. ಹಿಂಗ ಕುಂತು ಕುಂತು ಸಾಕಾಗೇತಿ."

"ಖೋ-ಖೋದಾಗ ಕುಂತಾವ್ರೂ ಆಡಾವ್ರ ಅಲ್ಲೇನು? ಸುಮ್ಮ ಕುಂಡ್ರಿ" ಎಂದು ಅವರು ತಮ್ಮ ಡಬ್ಬಿಯಿಂದ ಶೇಂಗಾ ಚಟ್ನಿ ತೆಗೆದು ನನ್ನ ಗಂಜಿಗೆ ಹಾಕಿದರು. ಇಪ್ಪತ್ತು ವರ್ಷ ಮಕ್ಕಳಿಗೆ ನಾನು ಕಲಿಸಿದ ಮಾತನ್ನು ರೊಟ್ಟಿ ಮಾರುವವರು ನನಗೇ ಕಲಿಸಿದ್ದರು. ನಗು ಬಂತು. ಆ ದಿನ ನಾನು ನಕ್ಕದ್ದು ಅದೇ ಮೊದಲು.

ಎರಡೂವರೆಗೆ ಡಾಕ್ಟರ್ ವಿರೂಪಾಕ್ಷ ಬಂದು ಸ್ಟೂಲು ಎಳೆದುಕೊಂಡು ಕುಳಿತರು. ವೈದ್ಯರು ಕುಳಿತು ಮಾತಾಡಿದರೆ ಸುದ್ದಿ ಒಳ್ಳೆಯದಿರುವುದಿಲ್ಲ, ನಿಮ್ಮ ಕಾಲದಲ್ಲೂ ಹಾಗೆಯೇ ಇರಬೇಕು.

"ಟೀಚರ, ಸುಳ್ಳು ಹೇಳೂದಿಲ್ಲ. ನಿಮ್ಮ ಕಣ ತಾವಾಗೇ ಕಲೀವಲ್ವು. ಇಂಥಾದ್ದನ್ನ ಹಿಂದ ಗೆದ್ದ ರಕ್ತ ಬೇಕು, ಅವಕ್ಕ ಕಲಿಸಾಕ. ಹಳೇ ಉಗ್ರಾಣ ಎಲ್ಲಾ ಹುಡುಕಸಾಕತ್ತೇನಿ."

"ಸಿಗಲಿಲ್ಲಂದ್ರ?"

"ಸಿಗಲಿಲ್ಲಂದ್ರ ಮುಂದ ನನ್ನ ಕೈಯಾಗ ಏನೂ ಇಲ್ರೀ."

ಅಷ್ಟರಲ್ಲಿ ಹುಸೇನಬಿಯವರ ಕೊನೆಯ ಹನಿ ಇಳಿದು ಮುಗಿದಿತ್ತು. ಮಗಳು ಕರೆದೊಯ್ಯಲು ಬಂದು ನಿಂತಿದ್ದಳು. ಅವರು ಏಳಲಿಲ್ಲ. "ಕುರ್ಚಿ ಬೇಕಂದ್ರ ತಗೋರಿ. ನಾ ನೆಲದ ಮ್ಯಾಲ ಕುಂಡ್ರತೀನಿ. ಈಕಿದು ಹಸರ ಆಗೋತನಕ ಹೋಗಂಗಿಲ್ಲ" ಎಂದು ನನ್ನ ಕೈ ಹಿಡಿದರು. ಹಿಟ್ಟು ನಾದಿ ನಾದಿ ಗಟ್ಟಿಯಾದ ಕೈ ಅದು. ಹಿಡಿದದ್ದನ್ನು ಅವರು ಬಿಡಲೇ ಇಲ್ಲ.

ನಾಲ್ಕು ಇಪ್ಪತ್ತಕ್ಕೆ ಅರವತ್ತು ದಾಟಿದ ವಿರೂಪಾಕ್ಷರು ಓಡಿಕೊಂಡು ಬಂದರು. "ಸಿಕ್ತ್ರೀ!" ಎಂದು ಅವರು ಕೂಗಿದ್ದು ಇಡೀ ಹಾಲ್‌ಗೆ ಕೇಳಿತು.

ಸಿಕ್ಕದ್ದು ನಿಮ್ಮ ರಕ್ತ. ಬೆರಳುದ್ದದ ಸೀಸೆ, ನೂರ ಅರವತ್ತು ವರ್ಷಕ್ಕೂ ಹಿಂದಿನದು, ಯಾರೂ ಮುಚ್ಚಳ ತೆಗೆಯದೆ ಹಿಮದಲ್ಲಿ ಉಳಿದದ್ದು. ಜೊತೆಗೆ ದಾದಿಯೊಬ್ಬರು ಬರೆದ ಟಿಪ್ಪಣಿ. ಡಾಕ್ಟರು ಅದನ್ನು ಗಟ್ಟಿಯಾಗಿ ಓದಿದರು: "ಏಳನೆಯ ಕುರ್ಚಿ. ಹೆಣ್ಣು, ಐವತ್ತೆಂಟು ವರ್ಷ, ಹೊಲಿಗೆ ಕೆಲಸ. ಆರನೆಯ ಸಲದ ಔಷಧ, ಬೆಳಿಗ್ಗೆ ಒಂಬತ್ತರಿಂದ ಸಂಜೆ ಐದು. ಬಹಳ ದಣಿದಿದ್ದರು. ಸಂಶೋಧನೆಗೆ ಒಂದು ಸೀಸೆ ಹೆಚ್ಚಿಗೆ ರಕ್ತ ಕೇಳಿದಾಗ, 'ನನಗ ಉಪಯೋಗ ಆಗದಿದ್ರ ಬಿಡ್ರಿ, ಯಾರಿಗರೆ ಆಗಲಿ' ಎಂದು ರುಜು ಹಾಕಿದರು."

ನಿಮ್ಮ ಕಣಗಳನ್ನು ನನ್ನ ಪೆಟ್ಟಿಗೆಗೆ ಸೇರಿಸಿದ ನಲವತ್ತು ನಿಮಿಷಕ್ಕೆ ದೀಪ ಹಸಿರಾಯಿತು. ಹುಸೇನಬಿ ಎದ್ದು ನಿಂತು ಎರಡೂ ಕೈ ಎತ್ತಿ ಕೂಗಿಬಿಟ್ಟರು. ಕೊಳವೆ ಚುಚ್ಚಿಸಿಕೊಂಡು ಕುಳಿತಿದ್ದ ಹದಿನೆಂಟು ಜನ ಒಂದೊಂದೇ ಕೈಯಿಂದ ಕುರ್ಚಿ ಬಡಿದು ಸದ್ದು ಮಾಡಿದರು. ನಾನು ಅತ್ತುಬಿಟ್ಟೆ. ಆಮೇಲೆ ಮೂರು ತಾಸು ನೀವು ಹನಿಹನಿಯಾಗಿ ನನ್ನೊಳಗೆ ಇಳಿದಿರಿ.

ಐದು ವಾರದ ಮೇಲೆ ವರದಿ ಬಂತು. ಅಡ್ಡಬೆಳೆಯ ಸುಳಿವೂ ಇಲ್ಲ. ಮೊನ್ನೆ ನಮ್ಮ ಹುಡುಗಿಯರು ಜಿಲ್ಲೆಯ ಪಂದ್ಯ ಗೆದ್ದಾಗ ಅವರ ಜೊತೆ ಮೈದಾನವನ್ನು ಎರಡು ಸುತ್ತು ಓಡಿದೆ. ಮಂಡಿ ತರಚಿಕೊಂಡೆ, ಅದೂ ಎರಡೇ ದಿನದಲ್ಲಿ ಮಾಯಿತು.

ಟಿಪ್ಪಣಿಯ ಕೆಳಗೆ ಬೇರೆ ಶಾಯಿಯಲ್ಲಿ ಇನ್ನೊಂದು ಸಾಲಿತ್ತು. ಈ ಪತ್ರ ಬರೆಯಲು ಅದೇ ಮುಖ್ಯ ಕಾರಣ. "ಹನ್ನೊಂದು ವರ್ಷದ ನಂತರದ ತಪಾಸಣೆ: ರೋಗವಿಲ್ಲ. ಮೊಮ್ಮಗಳಿಗೆ ಹೊಲಿದ ಲಂಗ ತೋರಿಸಲು ತಂದಿದ್ದರು." ತಾಯಿ, ನೀವು ಬದುಕುತ್ತೀರಿ. ಈ ಹೊತ್ತು ಚೀಲದಲ್ಲಿ ಇನ್ನೂ ಅರ್ಧ ಔಷಧವಿದೆ, ಮೈಯಲ್ಲಿ ತ್ರಾಣವಿಲ್ಲ, ಇದೆಲ್ಲ ಯಾಕೆ ಅನ್ನಿಸುತ್ತಿರಬಹುದು. ನೀವು ಗೆದ್ದಿರುವುದನ್ನು ನಾನು ಕಣ್ಣಾರೆ ಓದಿದ್ದೇನೆ.

ನನ್ನ ನಂತರ ಅದೇ ಸೀಸೆಯಿಂದ ಬೆಳೆಸಿದ ಕಣಗಳು ಇನ್ನೂ ಮೂವತ್ತೊಂದು ಜನರನ್ನು ಉಳಿಸಿವೆ. ಅವರಲ್ಲಿ ಒಬ್ಬ ರೈಲು ನಡೆಸುವವನು, ಇಬ್ಬರು ಅಕ್ಕತಂಗಿಯರು, ಒಂಬತ್ತು ವರ್ಷದ ಒಂದು ಹುಡುಗಿ. ಇವತ್ತು ಎಲ್ಲರೂ ನಮ್ಮ ಮನೆಯಲ್ಲಿ ಸೇರಿದ್ದಾರೆ, ಈ ಪತ್ರಕ್ಕೆ ರುಜು ಹಾಕಲು.

ಒಂದು ಕೋರಿಕೆಯಿದೆ. ಇನ್ನು ಸ್ವಲ್ಪ ಹೊತ್ತಿಗೆ ದಾದಿ ಒಂದು ಕಾಗದ ಹಿಡಿದು ನಿಮ್ಮ ಬಳಿ ಬರುತ್ತಾರೆ. ನಿಮಗೆ ಸಾಕಾಗಿರುತ್ತದೆ, ಸೂಜಿ ಬೇಡವೆನಿಸಿರುತ್ತದೆ. ನೀವು ಒಪ್ಪುತ್ತೀರೆಂದು ಗೊತ್ತಿದ್ದೂ ಕೇಳದೆ ಇರಲಾರೆ. ದಯವಿಟ್ಟು ರುಜು ಹಾಕಿ. ನಾವು ಮೂವತ್ತೆರಡು ಜನ ಉಸಿರು ಬಿಗಿಹಿಡಿದು ನಿಮ್ಮ ಕೈಯನ್ನೇ ನೋಡುತ್ತಿದ್ದೇವೆ.